ಕಾಣದ ಗಾಜಿನ ಕರ್ತೃ ಕ್ಯಾಥರಿನ್ ಬ್ಲಾಜೆಟ್

ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವುದಕ್ಕೂ ಮುಂಬಯಿಯಲ್ಲಿ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ನೀವು ಕೊಡೆ ಮಡಿಸುತ್ತ, ನಾವು ಕನ್ನಡಕ ಒರೆಸಿಕೊಳ್ಳುತ್ತ ತರಗತಿಗೆ ಬರುವುದು ಪ್ರತಿ ವರ್ಷದ ವಾಡಿಕೆ. ಹಾಗೆ ಒಮ್ಮೆ ಕನ್ನಡಕ ಒರೆಸುತ್ತ ನಿಂತಿದ್ದಾಗ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜಿಯ ಹಿತ್ತಲಿನ ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಆಕೆ ಕಂಡಿದ್ದಳು. ಎಲೆಗೆ ಅಂಟದ ನೀರು ಗಾಜಿಗೇಕೆ ಅಂಟುತ್ತದೆ, ಎಲೆಯ ಗುಣವನ್ನು ಗಾಜಿಗೂ ಕೊಡಲು ಬರುವುದಿಲ್ಲವೆ ಎಂಬುದು ಅವಳ ಪ್ರಶ್ನೆ.

ತಾವರೆಯ ಎಲೆಯ ಮೇಲಿನ ನೀರಿನಂತೆ ಇರಬೇಕೆಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ನೀರು ಹಾಗೇಕೆ ಇರುತ್ತದೆ ಎಂದು ಕೇಳುವವರು ಕಡಮೆ. ಕೇಳಿದವಳಿಗೆ ಆ ದಿನ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯಾಗಲಿಲ್ಲ. ಆದಕಾರಣ ಈ ವರ್ಷದ ಸಂಚಿಕೆಯಲ್ಲಿ ಒಬ್ಬ ಮಹಿಳೆಯ ಜೀವನವನ್ನು ನಿರೂಪಿಸಲು ಬಯಸುತ್ತೇವೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಎಣಿಕೆ ತಪ್ಪದೆ, ಪದರದ ಮೇಲೆ ಪದರವಾಗಿ ಹಾಸುವ ವಿದ್ಯೆಯನ್ನು ಲೋಕಕ್ಕೆ ಕಲಿಸಿಕೊಟ್ಟವರು ಈಕೆ. ಆ ಬಾಲಿಕೆಯ ಪ್ರಶ್ನೆಗೆ ಉತ್ತರವೂ ಈ ಕಥೆಯ ಒಳಗೇ ಇದೆ.

ಕ್ಯಾಥರಿನ್ ಬರ್ ಬ್ಲಾಜೆಟ್ 1898ನೆಯ ಇಸವಿ ಜನವರಿ 10ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ ಜನಿಸಿದಳು. ವಿದ್ಯುತ್ ಸಾಮಗ್ರಿಗಳನ್ನು ತಯಾರಿಸುವ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಹೆಸರಾದ ಊರು ಅದು. ತಂದೆ ಜಾರ್ಜ್ ಬ್ಲಾಜೆಟ್ ಆ ಕಂಪನಿಯಲ್ಲಿ ಪೇಟೆಂಟ್ ವಿಷಯಗಳನ್ನು ನೋಡಿಕೊಳ್ಳುತ್ತಿದ್ದ ವಕೀಲರು. ಮಗಳು ಹುಟ್ಟುವುದಕ್ಕೆ ಕೆಲವೇ ವಾರಗಳ ಮುಂಚೆ, 1897ರ ಡಿಸೆಂಬರಿನಲ್ಲಿ, ರಾತ್ರಿ ಮನೆಗೆ ನುಗ್ಗಿದ ಕಳ್ಳನೊಬ್ಬನ ಗುಂಡಿಗೆ ಅವರು ಬಲಿಯಾದರು. ಹೀಗೆ ಆ ಶಿಶು ತಂದೆಯ ಮುಖವನ್ನು ಕಾಣದೆಯೇ ಈ ಲೋಕಕ್ಕೆ ಬಂದಿತು.

ತಾಯಿ ಧೈರ್ಯಗೆಡಲಿಲ್ಲ. ಎಳೆಯ ಮಗನನ್ನೂ ಕೂಸು ಕ್ಯಾಥರಿನ್‌ಳನ್ನೂ ಎತ್ತಿಕೊಂಡು ನ್ಯೂಯಾರ್ಕ್ ನಗರಕ್ಕೆ ಬಂದರು. ಮಕ್ಕಳು ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಕಲಿತು ಬೆಳೆಯಬೇಕೆಂಬುದು ಆ ತಾಯಿಯ ಬಯಕೆ. ಅದಕ್ಕಾಗಿ 1901ರಲ್ಲಿ ಅವರನ್ನು ಫ್ರಾನ್ಸ್ ದೇಶಕ್ಕೆ ಕರೆದೊಯ್ದು ಅಲ್ಲಿ ಕೆಲವು ವರ್ಷ ನೆಲೆಸಿದರು. ನಡುವೆ ಕೆಲಕಾಲ ಸ್ವದೇಶದ ಶಾಲೆ, ಮತ್ತೆ ಜರ್ಮನಿಯ ಪ್ರವಾಸ, ಕೊನೆಗೆ 1912ರಲ್ಲಿ ಪುನಃ ನ್ಯೂಯಾರ್ಕ್. ಊರು ಬಿಟ್ಟು ಊರಿಗೆ ಬಂದವರ ಮಕ್ಕಳಾದ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಪುಸ್ತಕದ ಅಂಗಡಿಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಬಾರಿ ನಾಲಗೆಯನ್ನು ಹೊರಳಿಸುವವರು ನೀವು. ಶಾಲೆಯೂ ಭಾಷೆಯೂ ಬದಲಾದರೆ ಕಲಿಕೆ ಕೆಟ್ಟೇ ಹೋಗುತ್ತದೆಂದು ಅಂಜುವ ಪೋಷಕರು ನಮ್ಮಲ್ಲಿ ಉಂಟು. ಕ್ಯಾಥರಿನ್‌ಳ ಪಾಲಿಗೆ ಹಾಗಾಗಲಿಲ್ಲ.

1913ರಲ್ಲಿ, ಹದಿನೈದರ ಹರೆಯದಲ್ಲಿ, ಆಕೆ ವಿದ್ಯಾರ್ಥಿವೇತನ ಪಡೆದು ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜನ್ನು ಸೇರಿದಳು. ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಷಾರ್ಲಟ್ ಅಂಗಾಸ್ ಸ್ಕಾಟ್ ಮತ್ತು ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಜೇಮ್ಸ್ ಬಾರ್ನ್ಸ್ ಅವರ ಪಾಠಗಳು ಆಕೆಯ ಮನಸ್ಸನ್ನು ವಿಜ್ಞಾನದ ಕಡೆಗೆ ತಿರುಗಿಸಿದವು. ಕಾಲೇಜಿನ ಕೊನೆಯ ವರ್ಷದ ರಜೆಯಲ್ಲಿ ಆಕೆ ಹುಟ್ಟೂರಾದ ಸ್ಕೆನೆಕ್ಟಡಿಗೆ ಹೋದಳು. ತಂದೆಯನ್ನು ಬಲ್ಲ ಹಿರಿಯರು ಕಂಪನಿಯ ಸಂಶೋಧನಾಲಯವನ್ನು ತೋರಿಸುವ ಏರ್ಪಾಡು ಮಾಡಿದರು. ಅಲ್ಲಿ ಆಕೆಗೆ ದಾರಿ ತೋರಿಸಿದವರು ಅರ್ವಿಂಗ್ ಲ್ಯಾಂಗ್ಮೂರ್ ಎಂಬ ವಿಜ್ಞಾನಿ. ವಿದ್ಯುದ್ದೀಪದ ಬುರುಡೆಯೊಳಗೆ ಅನಿಲವನ್ನು ತುಂಬಿ ಅದರ ಬಾಳಿಕೆಯನ್ನೂ ಬೆಳಕನ್ನೂ ಹೆಚ್ಚಿಸಿದವರು ಅವರೇ. ಹುಡುಗಿಯ ಬುದ್ಧಿಯನ್ನು ಗುರುತಿಸಿದ ಲ್ಯಾಂಗ್ಮೂರರು, ಸಂಶೋಧನಾಲಯದಲ್ಲಿ ಕೆಲಸ ಬೇಕಾದರೆ ಮೊದಲು ಇನ್ನೂ ಹೆಚ್ಚಿನ ವ್ಯಾಸಂಗ ಮಾಡಬೇಕೆಂದು ಬುದ್ಧಿ ಹೇಳಿದರು.

ಆಕೆ ಆ ಮಾತನ್ನು ಅಕ್ಷರಶಃ ಪಾಲಿಸಿದಳು. 1917ರಲ್ಲಿ ಪದವಿ ಪಡೆದು ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋದಳು. ಅದು ಮೊದಲನೆಯ ಮಹಾಯುದ್ಧದ ಕಾಲ. ರಣರಂಗದಲ್ಲಿ ವಿಷಾನಿಲದ ಹಾವಳಿ. ಸೈನಿಕರ ಮುಖವಾಡದೊಳಗಿನ ಇದ್ದಿಲು ವಿಷಾನಿಲವನ್ನು ತನ್ನ ಮೈಗೆ ಅಂಟಿಸಿಕೊಂಡು ಶುದ್ಧವಾದ ಗಾಳಿಯನ್ನು ಮಾತ್ರ ಒಳಗೆ ಬಿಡುತ್ತಿತ್ತು. ಇದ್ದಿಲು ಅನಿಲಗಳನ್ನು ಹೀಗೆ ಹಿಡಿದಿಡುವ ಬಗೆಯನ್ನೇ ಆಕೆ ತನ್ನ ಪ್ರಬಂಧದ ವಿಷಯವಾಗಿ ಆರಿಸಿಕೊಂಡಳು. ಒಂದು ವಸ್ತುವಿನ ಒಡಲಿಗಿಂತ ಅದರ ಮೇಲ್ಮೈಯಲ್ಲಿ ನಡೆಯುವ ವ್ಯಾಪಾರವೇ ಆಕೆಯ ಜೀವಮಾನದ ವಿಷಯವಾಯಿತೆಂಬುದನ್ನು ನೀವು ಮುಂದೆ ಕಾಣುವಿರಿ. 1918ರಲ್ಲಿ ಸ್ನಾತಕೋತ್ತರ ಪದವಿ ಕೈಸೇರಿತು. ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದಲ್ಲಿ ಕೆಲಸವೂ ದೊರೆಯಿತು. ಆ ಸಂಶೋಧನಾಲಯಕ್ಕೆ ವಿಜ್ಞಾನಿಯಾಗಿ ಸೇರಿದ ಮೊದಲ ಮಹಿಳೆ ಈಕೆಯೇ.

ಕುಮಾರಿ ಬ್ಲಾಜೆಟ್ ಅವರು ಅಲ್ಲಿ ಆರು ವರ್ಷಗಳ ಕಾಲ ಲ್ಯಾಂಗ್ಮೂರರ ಸಹಾಯಕರಾಗಿ ದುಡಿದರು. ನಿರ್ವಾತದಲ್ಲಿ ವಿದ್ಯುತ್ತು ಹರಿಯುವ ನಿಯಮಗಳ ಬಗ್ಗೆ ಇಬ್ಬರೂ ಸೇರಿ 1923ರಲ್ಲಿಯೂ 1924ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಅನಂತರ ಲ್ಯಾಂಗ್ಮೂರರ ಪ್ರೋತ್ಸಾಹದಿಂದ 1924ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿ, ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಪರಮಾಣು ವಿಜ್ಞಾನದ ಆಚಾರ್ಯರಾದ ರುದರ್‌ಫರ್ಡ್ ಅವರ ಬಳಿ ಸಂಶೋಧನೆ ಕೈಗೊಂಡರು. 1926ರಲ್ಲಿ ಭೌತಶಾಸ್ತ್ರದಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಎಂಬ ಕೀರ್ತಿಗೆ ಪಾತ್ರರಾಗಿ ಸ್ಕೆನೆಕ್ಟಡಿಗೆ ಹಿಂದಿರುಗಿದರು.

ಇಲ್ಲಿಂದ ಮುಂದಿನದನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ, ಒಂದು ಅಡಿಗೆಮನೆಗೆ ಹೋಗಬೇಕು. ಜರ್ಮನಿಯ ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಯುವತಿಯಿದ್ದರು. ಆ ಕಾಲದಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಕಾಯಿಲೆಯ ತಂದೆತಾಯಿಗಳನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಉಳಿದ ಆಕೆ, ನೀರಿನ ಮೇಲೆ ತೇಲುವ ಎಣ್ಣೆ ಜಿಡ್ಡಿನ ನಡವಳಿಕೆಯನ್ನು ಗಮನಿಸಿ, ಅದನ್ನು ಅಳೆಯಲು ತಗಡಿನ ತಟ್ಟೆಯೊಂದನ್ನು ತಾನೇ ಸಿದ್ಧಪಡಿಸಿಕೊಂಡರು. ನೀರಿನ ಮೇಲೆ ಅಡ್ಡಲಾಗಿಟ್ಟ ಒಂದು ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಮೇಲಿನ ಪೊರೆಯನ್ನು ಒತ್ತಿ ನೋಡುವ ಉಪಾಯ ಅದು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಎಂಬ ವಿಜ್ಞಾನಿಗೆ ಅವರು ಕಾಗದ ಬರೆದು ತಮ್ಮ ಅಳತೆಗಳನ್ನು ತಿಳಿಸಿದರು. ರೇಲಿಯವರು ಅದನ್ನು ನೇಚರ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಆ ಅಡಿಗೆಮನೆಯ ತಟ್ಟೆಯೇ ಮುಂದೆ ಲ್ಯಾಂಗ್ಮೂರರ ಉಪಕರಣಕ್ಕೆ ಮೂಲವಾಯಿತು.

ಲ್ಯಾಂಗ್ಮೂರರು 1917ರಲ್ಲಿ ತೋರಿಸಿಕೊಟ್ಟ ಸಂಗತಿ ಇದು. ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನ ಪದಾರ್ಥದ ಒಂದೊಂದು ಅಣುವಿಗೂ ಒಂದು ತಲೆ ಮತ್ತು ಉದ್ದವಾದ ಬಾಲ ಇವೆ. ತಲೆಗೆ ನೀರೆಂದರೆ ಪ್ರೀತಿ; ಬಾಲಕ್ಕೆ ನೀರೆಂದರೆ ಆಗದು. ಆದ್ದರಿಂದ ಇಂಥ ಪದಾರ್ಥವನ್ನು ನೀರಿನ ಮೇಲೆ ಹನಿಸಿ ಒತ್ತಿದಾಗ ಅಣುಗಳು ತಲೆಯನ್ನು ನೀರಿಗೆ ಊರಿ, ಬಾಲವನ್ನು ಮೇಲಕ್ಕೆ ಎತ್ತಿ, ಬತ್ತದ ಗದ್ದೆಯ ಪೈರಿನಂತೆ ಒತ್ತಾಗಿ ನಿಲ್ಲುತ್ತವೆ. ಆಗ ಆಗುವ ಪೊರೆಯ ದಪ್ಪ ಒಂದೇ ಒಂದು ಅಣುವಿನ ಉದ್ದ, ಎಂದರೆ ಸುಮಾರು 2.5 ನ್ಯಾನೋಮೀಟರ್. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಆ ಪೊರೆ ಅಂಗುಲದ ಕೋಟಿಯಲ್ಲಿ ಒಂದು ಪಾಲು. ಮೇಲ್ಮೈಗಳ ರಸಾಯನಶಾಸ್ತ್ರದಲ್ಲಿ ಮಾಡಿದ ಸಂಶೋಧನೆಗಾಗಿ ಲ್ಯಾಂಗ್ಮೂರರಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನೀರಿನ ಮೇಲಿನ ಪೊರೆಯನ್ನು ಗಾಜಿನ ಮೇಲಕ್ಕೆ ತಂದು, ಒಂದರ ಮೇಲೊಂದರಂತೆ ಬೇಕಾದಷ್ಟು ಪದರಗಳಾಗಿ ಕೂಡಿಸುವ ಕ್ರಮವನ್ನು ಕಂಡುಹಿಡಿದವರು ಕುಮಾರಿ ಬ್ಲಾಜೆಟ್. 1934 ಮತ್ತು 1935ರ ಅವರ ಲೇಖನಗಳಲ್ಲಿ ಈ ಕ್ರಮ ವಿವರವಾಗಿ ಬಂದಿದೆ. ಚೊಕ್ಕಟವಾದ ಗಾಜಿನ ಪಟ್ಟಿಯನ್ನು ನೀರಿನೊಳಗಿಂದ ನಿಧಾನವಾಗಿ ಮೇಲೆತ್ತಿದರೆ, ನೀರಿನ ಮೇಲಿನ ಅಣುಗಳು ತಲೆಯನ್ನು ಗಾಜಿಗೆ ಊರಿ, ಬಾಲವನ್ನು ಹೊರಗೆ ಮಾಡಿ ಅಂಟಿಕೊಳ್ಳುತ್ತವೆ. ಈಗ ಗಾಜಿನ ಹೊರಮೈ ಪೂರ್ತಿ ಬಾಲಗಳೇ ಆದುದರಿಂದ ನೀರು ಅದರ ಮೇಲೆ ನಿಲ್ಲಲಾರದು; ಪಟ್ಟಿ ನೀರಿನಿಂದ ಒಣಗಿದಂತೆಯೇ ಹೊರಗೆ ಬರುತ್ತದೆ. ಮತ್ತೆ ಕೆಳಗಿಳಿಸಿದರೆ ಬಾಲಕ್ಕೆ ಬಾಲ ಸೇರಿ ಎರಡನೆಯ ಪದರ. ಮತ್ತೆ ಮೇಲೆತ್ತಿದರೆ ತಲೆಗೆ ತಲೆ ಸೇರಿ ಮೂರನೆಯ ಪದರ. ಗಾರೆಯವನು ಇಟ್ಟಿಗೆಯ ವರಸೆ ಏರಿಸುವಂತೆ ಅವರು ಅಣುಗಳ ವರಸೆಗಳನ್ನು ಏರಿಸಿದರು.

ಕೇಳುವುದಕ್ಕೆ ಇದು ಸುಲಭ. ಮಾಡುವುದಕ್ಕೆ ಬಹಳ ತಾಳ್ಮೆ ಬೇಕು. ಬೆರಳಿನ ಜಿಡ್ಡು ಸೋಕಿದರೂ ನೀರು ಕೆಟ್ಟುಹೋಗುತ್ತದೆ. ನೀರಿನಲ್ಲಿರುವ ಲವಣ ಯಾವುದು, ಅದರ ಹುಳಿ ಎಷ್ಟು, ಪೊರೆಯ ಮೇಲಿನ ಒತ್ತಡ ಎಷ್ಟು ಎಂಬುದೆಲ್ಲ ಹದವಾಗಿರಬೇಕು. ಪದರಗಳು ಹೆಚ್ಚಿದಂತೆ ಪೊರೆಯ ಮೇಲೆ ಸಾಬೂನಿನ ಗುಳ್ಳೆಯಲ್ಲಿ ಕಾಣುವಂಥ ಬಣ್ಣಗಳು ಮೂಡುವುದನ್ನು ಅವರು ಗಮನಿಸಿದರು. ಒಂದೊಂದು ದಪ್ಪಕ್ಕೂ ಒಂದೊಂದು ಬಣ್ಣ. ಹಾಗಾದರೆ ಬಣ್ಣವನ್ನು ನೋಡಿ ದಪ್ಪವನ್ನು ಹೇಳಬಹುದಲ್ಲವೆ? ಎಷ್ಟು ಪದರಕ್ಕೆ ಯಾವ ಬಣ್ಣವೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಗಾಜಿನ ಅಳತೆಪಟ್ಟಿಯೊಂದನ್ನು ಅವರು ರಚಿಸಿದರು. ಅಂಗುಲದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾದ ದಪ್ಪವನ್ನು ಬರಿಗಣ್ಣಿನಿಂದ, ಬಣ್ಣಕ್ಕೆ ಬಣ್ಣ ಹೋಲಿಸಿ ಹೇಳುವ ಸಾಧನ ಅದು.

ಈ ಅಳತೆಯ ಬಲದಿಂದಲೇ ಅವರ ಪ್ರಸಿದ್ಧವಾದ ಸಂಶೋಧನೆ ಹೊರಬಂದಿತು. ಸಾಮಾನ್ಯವಾದ ಗಾಜು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಒಳಗೆ ಬಿಡುವುದಿಲ್ಲ. ಒಂದೊಂದು ಮೈಯಿಂದಲೂ ಸುಮಾರು ನೂರಕ್ಕೆ 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಅಂಗಡಿಯ ಗಾಜಿನಲ್ಲಿ ಒಳಗಿನ ಸಾಮಾನಿನೊಡನೆ ನಿಮ್ಮ ಮುಖವೂ ಕಾಣುವುದು ಇದರಿಂದಲೇ. ಹಲವು ಮಸೂರಗಳಿರುವ ದೂರದರ್ಶಕ, ಕ್ಯಾಮೆರಾ ಮುಂತಾದವುಗಳಲ್ಲಿ ಈ ನಷ್ಟ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತದೆ. ಗಾಜಿನ ಮೇಲೆ ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ದಪ್ಪದ ಪೊರೆಯಿದ್ದರೆ, ಪೊರೆಯ ಮೇಲುಮೈಯಿಂದ ಹಿಂದಿರುಗುವ ಅಲೆಯೂ ಅದರ ತಳದಿಂದ ಹಿಂದಿರುಗುವ ಅಲೆಯೂ ಉಬ್ಬಿಗೆ ತಗ್ಗಾಗಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಹಿಂದಿರುಗದ ಬೆಳಕು ಗಾಜನ್ನು ದಾಟಿ ಮುಂದೆ ಸಾಗುತ್ತದೆ.

ಕುಮಾರಿ ಬ್ಲಾಜೆಟ್ ಬೇರಿಯಂ ಸ್ಟಿಯರೇಟ್ ಎಂಬ ಸಾಬೂನಿನ ಜಾತಿಯ ಪದಾರ್ಥದ 44 ಪದರಗಳನ್ನು ಗಾಜಿನ ಮೇಲೆ ಏರಿಸಿದರು. ಒಟ್ಟು ದಪ್ಪ ಅಂಗುಲದ ಹತ್ತು ಲಕ್ಷದಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು. ಪೊರೆ ತಕ್ಕಷ್ಟು ವಿರಳವಾಗಿಯೂ ಇರಬೇಕಾದುದರಿಂದ, ಅದರಲ್ಲಿ ಬೆರೆತಿದ್ದ ಆಮ್ಲವನ್ನು ಬೆನ್ಜೀನ್ ದ್ರವದಲ್ಲಿ ಕರಗಿಸಿ ತೆಗೆದು, ಸೂಕ್ಷ್ಮವಾದ ತೆರಪುಗಳಿರುವ ಹಂದರವನ್ನು ಮಾತ್ರ ಉಳಿಸಿದರು. ಎರಡೂ ಮೈಗೆ ಇಂಥ ಪೊರೆ ಹೊದಿಸಿದ ಗಾಜು ನೂರಕ್ಕೆ 99 ಪಾಲಿಗಿಂತ ಹೆಚ್ಚು ಬೆಳಕನ್ನು ದಾಟಿಸಿತು. 1938ರ ಡಿಸೆಂಬರಿನಲ್ಲಿ ಕಂಪನಿ ಈ ವಾರ್ತೆಯನ್ನು ಪ್ರಕಟಿಸಿದಾಗ ವೃತ್ತಪತ್ರಿಕೆಗಳು ಇದನ್ನು ಕಾಣದ ಗಾಜು ಎಂದು ಕೊಂಡಾಡಿದವು.

ಆದರೆ ವಿದ್ಯಾರ್ಥಿಗಳೇ, ಜೀವನಚರಿತ್ರೆಯನ್ನು ಬರೆಯುವವರು ಕೀರ್ತಿಯನ್ನು ಹೇಳಿ ಕೊರತೆಯನ್ನು ಮುಚ್ಚಿಡಬಾರದು. ಆ ಪೊರೆ ಮೆದುವಾಗಿತ್ತು. ಬೆರಳಿನಿಂದ ಒರೆಸಿದರೆ ಅಳಿಸಿಹೋಗುತ್ತಿತ್ತು. ವರ್ಷಗಟ್ಟಲೆ ಕಟ್ಟಿದ ಕೆಲಸ ಒಂದು ಕರವಸ್ತ್ರದ ಎಳೆತಕ್ಕೆ ಮುಗಿದುಹೋಗುವಂತಿತ್ತು. ಕಂಪನಿಯ ವಾರ್ತೆ ಹೊರಬಿದ್ದ ಎರಡೇ ದಿನಗಳಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕಾರ್ಟ್‌ರೈಟ್ ಮತ್ತು ಟರ್ನರ್ ಎಂಬ ಇಬ್ಬರು, ನಿರ್ವಾತದಲ್ಲಿ ಫ್ಲೋರೈಡ್ ಲವಣವನ್ನು ಆವಿಯಾಗಿಸಿ ಗಾಜಿನ ಮೇಲೆ ಹಿಡಿಸುವ ಬೇರೊಂದು ವಿಧಾನವನ್ನು ಸಾರಿದರು. ಜರ್ಮನಿಯ ತ್ಸೈಸ್ ಕಂಪನಿಯಲ್ಲಿ ಸ್ಮಾಕುಲ ಎಂಬ ವಿಜ್ಞಾನಿ 1935ರಲ್ಲಿಯೇ ಅಂಥ ವಿಧಾನವೊಂದನ್ನು ಸಾಧಿಸಿದ್ದುದು ಗುಟ್ಟಾಗಿ ಉಳಿದಿತ್ತು. ಇಂದು ನಮ್ಮ ಕನ್ನಡಕಗಳ ಮೇಲೂ ಕ್ಯಾಮೆರಾಗಳ ಮೇಲೂ ಇರುವ ಪ್ರತಿಫಲನ ತಡೆಯುವ ಪೊರೆಗಳು ಆ ಗಟ್ಟಿಯಾದ ಪೊರೆಗಳ ವಂಶದವೇ ಹೊರತು 44 ಪದರದ ಸಾಬೂನಿನ ಪೊರೆಯ ವಂಶದವಲ್ಲ.

ಹಾಗಾದರೆ ಕುಮಾರಿ ಬ್ಲಾಜೆಟ್ ಅವರ ಶ್ರಮ ವ್ಯರ್ಥವಾಯಿತೆ? ಇಲ್ಲ. ಅಳಿದದ್ದು ಪೊರೆ, ಉಳಿದದ್ದು ವಿದ್ಯೆ. ಒಂದು ಅಣುವಿನ ದಪ್ಪದ ಹಾಸನ್ನು ಎಣಿಸಿ ಹಾಸಬಹುದು, ಅದರ ದಪ್ಪವನ್ನು ಅಳೆಯಬಹುದು, ಹೊರಮೈಗೆ ಯಾವ ತುದಿ ಬರಬೇಕೆಂಬುದನ್ನು ನಾವೇ ನಿರ್ಧರಿಸಬಹುದು ಎಂಬುದನ್ನು ಅವರು ಕೈಯಿಂದ ಮಾಡಿ ತೋರಿಸಿದರು. ಹೀಗೆ ಕಟ್ಟಿದ ಹಾಸುಗಳಿಗೆ ಇಂದಿಗೂ ಲೋಕದಾದ್ಯಂತ ಪ್ರಯೋಗಶಾಲೆಗಳಲ್ಲಿ ಲ್ಯಾಂಗ್ಮೂರ್-ಬ್ಲಾಜೆಟ್ ಪೊರೆಗಳೆಂದೇ ಹೆಸರು. ಗುರುವಿನ ಹೆಸರಿನ ಪಕ್ಕದಲ್ಲಿ ಶಿಷ್ಯೆಯ ಹೆಸರು ಸಮನಾಗಿ ನಿಂತಿದೆ. ನ್ಯಾನೋ ಎಂಬ ಪದ ಜನರ ಬಾಯಿಗೆ ಬರುವುದಕ್ಕೆ ಹಲವು ದಶಕ ಮುಂಚೆ ನ್ಯಾನೋ ಅಳತೆಯ ಕಟ್ಟಡ ಕಟ್ಟಿದವರು ಅವರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಹೊಗೆಯ ತೆರೆಯಿಂದ ಸೈನ್ಯವನ್ನು ಮರೆಮಾಡುವ ಉಪಾಯ, ವಿಮಾನದ ರೆಕ್ಕೆಗಳ ಮೇಲೆ ಹಿಮ ಕಟ್ಟದಂತೆ ಮಾಡುವ ಉಪಾಯ ಮುಂತಾದ ಕಾರ್ಯಗಳಲ್ಲಿ ನಿರತರಾಗಿದ್ದರು. 1951ರಲ್ಲಿ ಅಮೆರಿಕದ ರಸಾಯನ ಸಂಘವು ಮಹಿಳಾ ವಿಜ್ಞಾನಿಗಳಿಗೆ ಕೊಡುವ ಗಾರ್ವನ್ ಪದಕವನ್ನು ಅವರಿಗೆ ಅರ್ಪಿಸಿತು. ಅದೇ ವರ್ಷ ಜೂನ್ 13ನ್ನು ಸ್ಕೆನೆಕ್ಟಡಿಯ ನಾಗರಿಕರು ಅವರ ಹೆಸರಿನ ದಿನವಾಗಿ ಆಚರಿಸಿದರು. ತಂದೆ ಹತನಾದ ಊರೇ ಮಗಳನ್ನು ಹೀಗೆ ತನ್ನ ಹೆಮ್ಮೆಯಾಗಿ ಎತ್ತಿಕೊಂಡಿತು. ಪ್ರಯೋಗಶಾಲೆಯ ಹೊರಗೆ ತೋಟಗಾರಿಕೆ, ಊರಿನ ಹವ್ಯಾಸಿ ನಾಟಕ, ರಾತ್ರಿ ನಕ್ಷತ್ರ ನೋಡುವುದು ಅವರ ನೆಚ್ಚಿನ ವಿನೋದಗಳು. 1963ರಲ್ಲಿ ನಿವೃತ್ತರಾಗಿ, 1979ರ ಅಕ್ಟೋಬರ್ 12ರಂದು, 81ನೆಯ ವಯಸ್ಸಿನಲ್ಲಿ, ಅದೇ ಸ್ಕೆನೆಕ್ಟಡಿಯಲ್ಲಿ ಅವರು ತೀರಿಕೊಂಡರು.

ಅವರ ವಿದ್ಯೆ ಮುಂದೆ ಯಾವ ದಾರಿ ಹಿಡಿಯಿತೆಂಬುದನ್ನೂ ಹೇಳಿದರೆ ಆ ಬಾಲಿಕೆಯ ಪ್ರಶ್ನೆಗೆ ಉತ್ತರ ಪೂರ್ತಿಯಾಗುತ್ತದೆ. ಗಾಜಿನಿಂದ ನೀರನ್ನು ದೂರವಿಡಲು ಹೊರಮೈಯಲ್ಲಿ ಕೊಬ್ಬಿನ ಬಾಲಗಳಿದ್ದರೆ ಸಾಕು. ಎಣ್ಣೆಯನ್ನು ದೂರವಿಡುವುದು ಅಷ್ಟು ಸುಲಭವಲ್ಲ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಂಡು ಹನಿಯಾಗಿ ಉಂಡೆಗಟ್ಟುತ್ತವೆ. ಎಣ್ಣೆಯ ಮೇಲ್ಮೈಯ ಎಳೆತ ಅದರ ಅರ್ಧಕ್ಕಿಂತಲೂ ಕಡಮೆಯಾದುದರಿಂದ ಅದು ಸಿಕ್ಕಿದ ಕಡೆಯಲ್ಲೆಲ್ಲ ಹರಡುತ್ತದೆ. ವಾಷಿಂಗ್ಟನ್ನಿನ ನೌಕಾದಳದ ಸಂಶೋಧನಾಲಯದಲ್ಲಿ ಜಿಸ್ಮನ್ ಮತ್ತು ಅವರ ಸಂಗಡಿಗರು 1946ರಲ್ಲಿ ಎಣ್ಣೆಯೂ ಹರಡದಂಥ ಒಂದು ಅಣುವಿನ ಪೊರೆಗಳನ್ನು ಕುರಿತು ಬರೆದರು. ಬಾಲದಲ್ಲಿ ಜಲಜನಕದ ಬದಲು ಫ್ಲೋರಿನ್ ಇದ್ದರೆ ಎಣ್ಣೆಗೆ ಇನ್ನೂ ಹಿಡಿತ ಸಿಕ್ಕುವುದಿಲ್ಲವೆಂಬುದು ಮುಂದಿನ ಸಂಶೋಧನೆಗಳಿಂದ ಸ್ಥಿರವಾಯಿತು. ನಿಮ್ಮ ಮನೆಯವರ ಕೈಫೋನಿನ ಗಾಜಿನ ಮೇಲೆ ಬೆರಳಿನ ಜಿಡ್ಡು ಸುಲಭವಾಗಿ ಒರೆಸಿಹೋಗುವಂತೆ ಹಚ್ಚುವ ತೆಳುವಾದ ಪೊರೆ ಸಾಮಾನ್ಯವಾಗಿ ಇಂಥದೇ.

ಇನ್ನು ತಾವರೆಯ ಎಲೆ. 1997ರಲ್ಲಿ ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹೂಯಿಸ್ ಅವರು ಅದರ ಗುಟ್ಟನ್ನು ವಿವರಿಸಿದರು. ನುಣುಪಾಗಿ ಕಾಣುವ ಆ ಎಲೆ ನಿಜವಾಗಿ ನುಣುಪಲ್ಲ. ಅದರ ಮೇಲೆಲ್ಲ ಕಣ್ಣಿಗೆ ಕಾಣದ ಗುಬುಟುಗಳು, ಗುಬುಟುಗಳ ಮೇಲೆ ಇನ್ನೂ ಸಣ್ಣ ಮೇಣದ ಕೊಳವೆಗಳು. ಹನಿ ಆ ತುದಿಗಳನ್ನು ಮಾತ್ರ ಮುಟ್ಟುತ್ತದೆ. ಉಳಿದೆಡೆ ಅದರ ಕೆಳಗಿರುವುದು ಬರಿಯ ಗಾಳಿ. ಅದಕ್ಕೇ ಅದು ಗುಂಡಾಗಿ ಉರುಳುತ್ತ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ಕೆಸುವಿನ ಎಲೆಯದೂ ಇದೇ ಬಗೆ.

ಎಲೆ ಪಾರದರ್ಶಕವಾಗಿರಬೇಕಾಗಿಲ್ಲ; ಗಾಜು ಪಾರದರ್ಶಕವಾಗಿರಲೇಬೇಕು. ತೊಡಕು ಇರುವುದು ಇಲ್ಲಿಯೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಗುಬುಟುಗಳು ಅದಕ್ಕೆ ಸಮನಾಗಿಯೋ ಅದಕ್ಕಿಂತ ದೊಡ್ಡದಾಗಿಯೋ ಇದ್ದರೆ ಬೆಳಕನ್ನು ಚದರಿಸಿ ಗಾಜನ್ನು ಹಾಲಿನಂತೆ ಮಬ್ಬು ಮಾಡುತ್ತವೆ. ಸುಮಾರು 100 ನ್ಯಾನೋಮೀಟರಿಗಿಂತ ಸಣ್ಣದಾಗಿದ್ದರೆ ಬೆಳಕು ಅವುಗಳನ್ನು ಲೆಕ್ಕಿಸದೆ ಹಾದುಹೋಗುತ್ತದೆ. ಹೀಗಾಗಿ ಸಿಲಿಕದ, ಎಂದರೆ ಮರಳಿನ ಮೂಲದ್ರವ್ಯದ, ಅತಿಸೂಕ್ಷ್ಮ ಕಣಗಳನ್ನು ಗಾಜಿನ ಮೇಲೆ ಹರಡಿ, ಅವುಗಳ ಮೇಲೆ ನೀರನ್ನು ಒಲ್ಲದ ಅಣುಗಳ ಪೊರೆಯನ್ನು ಕೂಡಿಸಿ ಪಾರದರ್ಶಕವಾದ ಲೇಪಗಳನ್ನು ಮಾಡುತ್ತಾರೆ. ಎಣ್ಣೆಯ ಹನಿಯೂ ನಿಲ್ಲಬೇಕಾದರೆ ಗುಬುಟುಗಳು ಅಣಬೆಯ ಕೊಡೆಯಂತೆ ಕೆಳಗೆ ಒಳಸರಿದಿರಬೇಕೆಂಬುದನ್ನು 2007ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ತೋರಿಸಿದರು.

ಆದರೂ ಕೆಲಸ ಮುಗಿದಿಲ್ಲ. ಇಂಥ ಲೇಪಗಳನ್ನು ಉಜ್ಜಿದರೆ ಗುಬುಟುಗಳು ಮುರಿದು ಗುಣ ಕಳೆದುಕೊಳ್ಳುತ್ತವೆ. 1938ರ ಪೊರೆಯನ್ನು ಕಾಡಿದ ಕರವಸ್ತ್ರ ಇಂದಿನ ಪೊರೆಯನ್ನೂ ಬಿಟ್ಟಿಲ್ಲ. ಎಣ್ಣೆಯನ್ನು ದೂರವಿಡುವ ಫ್ಲೋರಿನ್ ಸಂಯುಕ್ತಗಳಲ್ಲಿ ಕೆಲವು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದೆ ಉಳಿದು ಜೀವಿಗಳ ಒಡಲನ್ನು ಸೇರುತ್ತವೆ. ಅವುಗಳಲ್ಲಿ ಎರಡು ಬಗೆಗಳನ್ನು 2009ರಲ್ಲಿಯೂ 2019ರಲ್ಲಿಯೂ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿ ರಾಷ್ಟ್ರಗಳು ನಿರ್ಬಂಧ ಹಾಕಿವೆ. ಪಾರದರ್ಶಕವೂ ಗಟ್ಟಿಯೂ ಆಗಿದ್ದು, ನೀರು ಎಣ್ಣೆಗಳೆರಡನ್ನೂ ದೂಡುವ, ಆದರೆ ಯಾರಿಗೂ ಕೇಡು ಮಾಡದ ಲೇಪವನ್ನು ಸಾಧಿಸುವುದು ಇನ್ನೂ ಮುಂದಿನವರ ಪಾಲಿಗೆ ಬಾಕಿಯಿರುವ ಕೆಲಸ.

ಆ ಮುಂದಿನವರು ನೀವೇ ಏಕಾಗಬಾರದು? ನಾವು ಮೆಟ್ರಿಕ್ ತನಕ ಕನ್ನಡದಲ್ಲಿಯೇ ಓದಿ, ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದವರು. ವಿಜ್ಞಾನವೆಂಬುದು ಬೇರೆ ಭಾಷೆಯವರ, ದೊಡ್ಡ ಪ್ರಯೋಗಶಾಲೆಯವರ ಸೊತ್ತೆಂದು ಬಹುಕಾಲ ನಂಬಿದ್ದೆವು. ಈ ಮಹಿಳೆಯ ಜೀವನವನ್ನು ತಿಳಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಒಂದು ತಟ್ಟೆ, ಸ್ವಚ್ಛವಾದ ನೀರು, ಮತ್ತೆ ಮತ್ತೆ ಅಳೆಯುವ ತಾಳ್ಮೆ, ಇವುಗಳಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅಡಿಗೆಮನೆಯ ಆಗ್ನೆಸ್ ಪೋಕೆಲ್ಸ್ ಮತ್ತು ಪ್ರಯೋಗಶಾಲೆಯ ಕ್ಯಾಥರಿನ್ ಬ್ಲಾಜೆಟ್ ಇಬ್ಬರೂ ಸಾಕ್ಷಿ.

ಮನೆಯಲ್ಲಿ ಒಂದು ಗಾಜಿನ ತುಂಡಿದ್ದರೆ, ಅದರ ಅಂಚನ್ನು ಹಿರಿಯರಿಂದ ಜೋಪಾನ ಮಾಡಿಸಿಕೊಂಡು, ಅರ್ಧ ಭಾಗಕ್ಕೆ ಮೇಣದಬತ್ತಿಯನ್ನು ತೆಳ್ಳಗೆ ಉಜ್ಜಿರಿ. ಎರಡೂ ಭಾಗಗಳ ಮೇಲೆ ಒಂದೊಂದು ಹನಿ ನೀರನ್ನೂ, ಒಂದೊಂದು ಹನಿ ತೆಂಗಿನೆಣ್ಣೆಯನ್ನೂ ಇಟ್ಟು ನೋಡಿರಿ. ನೀರು ಎಲ್ಲಿ ಉಂಡೆಯಾಯಿತು, ಎಣ್ಣೆ ಎಲ್ಲಿ ಹರಡಿತು, ಉಜ್ಜಿದ ಭಾಗ ಎಷ್ಟು ಮಬ್ಬಾಯಿತು ಎಂಬುದನ್ನು ಅಳತೆಯೊಡನೆ ಪುಸ್ತಕದಲ್ಲಿ ಬರೆದುಕೊಳ್ಳಿರಿ. ನಾವು ಈ ವರ್ಷ ತರಗತಿಯಲ್ಲಿ ಇದನ್ನು ಮಾಡಿದೆವು. ಪ್ರಶ್ನೆ ಕೇಳಿದ ಬಾಲಿಕೆ ಮೊದಲು ಗುರುತಿಸಿದ್ದು ಮಬ್ಬನ್ನು. ನೀರೇನೋ ಹೋಯಿತು, ಆದರೆ ಈ ಗಾಜಿನ ಕನ್ನಡಕ ಹಾಕಿಕೊಂಡರೆ ಕರಿಹಲಗೆ ಕಾಣುವುದು ಹೇಗೆ ಎಂದು ಆಕೆ ಯೋಚಿಸತೊಡಗಿದಳು. ಆ ಯೋಚನೆ ಅವಳನ್ನು ಬಹುದೂರ ಕರೆದೊಯ್ಯಲಿ ಎಂದು ಹಾರೈಸುತ್ತೇವೆ.